ಬಿಡಿಸಿ ಓದು, ಬಿಡಿಸಿ ಹೇಳು

ಮಗಳೇ,

ಭಾನುವಾರ ರಾತ್ರಿ ಹಾಸ್ಟೆಲಿನಿಂದ ಫೋನ್ ಮಾಡಿ, "ದೊಡ್ಡಮ್ಮ, ಈ ಮೆಡಿಕಲ್ ಪದಗಳನ್ನು ಹತ್ತು ಸಲ ಬರೆದರೂ ಬೆಳಗಾಗುವಷ್ಟರಲ್ಲಿ ಮರೆತುಹೋಗುತ್ತೆ. ಇಂಗ್ಲಿಷ್ ಮೀಡಿಯಮ್ಮಿನವರಿಗೆ ಇದೆಲ್ಲ ಮೊದಲೇ ಗೊತ್ತಿರುತ್ತೆ. ನಾನು ಇಲ್ಲಿಗೆ ಬರಬಾರದಿತ್ತೇನೋ" ಅಂದೆ. ಆಗ ನಾನು ಹೆಚ್ಚು ಮಾತಾಡಲಿಲ್ಲ. ಗಂಟಲು ಕಟ್ಟಿದವರಿಗೆ ಪಾಠ ಹೇಳಬಾರದು. ಈಗ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ಮೂವತ್ತು ವರ್ಷ ಅಂಗರಚನಾಶಾಸ್ತ್ರ ಪಾಠ ಮಾಡಿದವಳ ಮಾತು ಇದು. ನಿನ್ನ ಹಾಗೆಯೇ ಹಳ್ಳಿಯ ಕನ್ನಡ ಶಾಲೆಯಿಂದ ಹೋಗಿ ಡಿಸೆಕ್ಷನ್ ಟೇಬಲ್ಲಿನ ಮುಂದೆ ನಿಂತವಳ ಮಾತೂ ಹೌದು. ನಿನ್ನ ಜೊತೆಯಲ್ಲಿ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಓದುತ್ತಿರುವ ಮಕ್ಕಳಿಗೂ ಇದನ್ನು ಓದಿ ಹೇಳು.

ಮೊದಲು ಆ ಭಯ ಬಿಡು. ನಿನ್ನನ್ನು ಹೆದರಿಸುತ್ತಿರುವ ಪದಗಳು ಇಂಗ್ಲಿಷಿನವಲ್ಲ. ಹೆಚ್ಚಿನವು ಗ್ರೀಕ್, ಉಳಿದವು ಲ್ಯಾಟಿನ್. ಬೆಂಗಳೂರಿನ ದೊಡ್ಡ ಶಾಲೆಯಿಂದ ಬಂದ ಹುಡುಗಿಗೂ ಅವು ಹೊಸವೇ. ಓಟದ ಗೆರೆ ಎಲ್ಲರಿಗೂ ಒಂದೇ ಕಡೆ ಇದೆ.

ನಾನು ಸೇರಿದ ಮೊದಲ ತಿಂಗಳು 'ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್' ಅನ್ನುವ ಪದದ ಮುಂದೆ ಸೋತು ಕೂತಿದ್ದೆ. ರಾತ್ರಿಯೆಲ್ಲ ಉರು ಹೊಡೆದಿದ್ದೆ, ಬೆಳಿಗ್ಗೆ ಬಾಯಿಗೆ ಬರಲಿಲ್ಲ. ನಮ್ಮ ಮೇಷ್ಟ್ರು ಬೈಯಲಿಲ್ಲ. ಬೋರ್ಡಿನ ಮೇಲೆ ಆ ಪದ ಬರೆದು, ಸೀಮೆಸುಣ್ಣದಲ್ಲಿ ನಡುವೆ ಎರಡು ಗೆರೆ ಎಳೆದರು. ಸ್ಟರ್ನೋ, ಎದೆಯ ನಡುಮೂಳೆ. ಕ್ಲೈಡೋ, ಕೊರಳ ಬುಡದ ಮೂಳೆ. ಮ್ಯಾಸ್ಟಾಯ್ಡ್, ಕಿವಿಯ ಹಿಂದಿನ ಗುಬುಟು. "ತಲೆಯನ್ನು ಎಡಕ್ಕೆ ತಿರುಗಿಸಮ್ಮ, ಬಲಗಡೆ ಕತ್ತಿನ ಮೇಲೆ ಬೆರಳಿಡು" ಅಂದರು. ಹಗ್ಗದ ಹಾಗೆ ಒಂದು ಸ್ನಾಯು ಬೆರಳಿಗೆ ಸಿಕ್ಕಿತು. ಅದನ್ನೇ ಹಿಡಿದು ಕೆಳಗೆ ಬಂದರೆ ಎದೆಮೂಳೆ, ಪಕ್ಕದಲ್ಲಿ ಕೊರಳ ಮೂಳೆ. ಮೇಲೆ ಹೋದರೆ ಕಿವಿಯ ಹಿಂದೆ. ಆ ಸ್ನಾಯು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹೋಗಿ ಅಂಟುತ್ತದೆ ಅನ್ನುವುದು ಹೆಸರಿನಲ್ಲೇ ಇತ್ತು. ಆವತ್ತಿನಿಂದ ನಾನು ಪದ ಉರು ಹೊಡೆಯುವುದನ್ನು ಬಿಟ್ಟೆ, ಬಿಡಿಸುವುದನ್ನು ಕಲಿತೆ. ನೀನೂ ಈಗಲೇ ಇದನ್ನು ಸಲೀಸಾಗಿ ಕಲಿಯಬಲ್ಲೆ. ಯಾಕೆಂದರೆ ಇದಕ್ಕೆ ಬೇಕಾದ ವ್ಯಾಕರಣ ನಿನ್ನ ಹತ್ತಿರ ಆಗಲೇ ಇದೆ.

ಹೈಸ್ಕೂಲಿನಲ್ಲಿ ಸಮಾಸ ಬಿಡಿಸುತ್ತಿದ್ದೆಯಲ್ಲ, ಅರಸನ ಮನೆ ಅರಮನೆ ಅಂತ? ಅದರಲ್ಲಿ ಮುಖ್ಯವಾದದ್ದು ಕೊನೆಯ ಪದ, ಮನೆ. ಯಾರದು ಅನ್ನುವುದನ್ನು ಮೊದಲ ಪದ ಹೇಳುತ್ತದೆ. ತತ್ಪುರುಷದಲ್ಲಿ ಉತ್ತರಪದಕ್ಕೇ ಪ್ರಾಧಾನ್ಯ ಎಂದು ಪರೀಕ್ಷೆಯಲ್ಲಿ ಬರೆದಿರುತ್ತೀಯ. ವೈದ್ಯಕೀಯ ಪದವನ್ನೂ ಹಾಗೆಯೇ ಬಾಲದಿಂದ ಹಿಡಿ. ಕೊನೆಯಲ್ಲಿ 'ಐಟಿಸ್' ಇದ್ದರೆ ಉರಿಯೂತ, 'ಆಲ್ಜಿಯ' ಇದ್ದರೆ ನೋವು, 'ಮೆಗಲಿ' ಇದ್ದರೆ ಹಿಗ್ಗಿದೆ, 'ಪೀನಿಯ' ಇದ್ದರೆ ಕೊರತೆ. ಆಮೇಲೆ ಮುಂದಕ್ಕೆ ಬಂದು ಯಾವ ಅಂಗ ಎಂದು ನೋಡು. 'ಹೆಪಟ್' ಅಂದರೆ ಯಕೃತ್ತು. ಈಗ ಹೆಪಟೈಟಿಸ್, ಹೆಪಟೋಮೆಗಲಿ ಎರಡನ್ನೂ ನೀನೇ ಬಿಡಿಸಬಲ್ಲೆ.

ತಲೆನೋವು ಅನ್ನುವ ಮಾತನ್ನು ನಿನಗೆ ಯಾರೂ ಕೂರಿಸಿ ಕಲಿಸಲಿಲ್ಲ. ತಲೆ ಗೊತ್ತು, ನೋವು ಗೊತ್ತು, ಸೇರಿಸಿದರೆ ತಲೆನೋವು. ಗ್ರೀಕರಿಗೆ ಕೆಫಲೆ ಅಂದರೆ ತಲೆ, ಆಲ್ಗೊಸ್ ಅಂದರೆ ನೋವು, ಅದೇ ಸೆಫಲಾಲ್ಜಿಯ. ಓಟಾಲ್ಜಿಯ ಕಿವಿನೋವು. ಓಡಾಂಟಾಲ್ಜಿಯ ಹಲ್ಲುನೋವು. ಗೊನಾಲ್ಜಿಯ ಮಂಡಿನೋವು. ನಮ್ಮ ಊರಿನ ಅಜ್ಜಿ ಕಟ್ಟೆಯ ಮೇಲೆ ಕೂತು ಹೇಳುವಂಥ ಮಾತನ್ನೇ ಅವರು ತಮ್ಮ ನುಡಿಯಲ್ಲಿ ಹೇಳಿದ್ದಾರೆ.

'ಉರಿಯೂತ' ಅನ್ನುವ ನಮ್ಮ ಪದವನ್ನೂ ಬಿಡಿಸಿ ನೋಡು. ಉರಿ, ಊತ. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಲಕ್ಷಣ ಹೇಳಿದ: ರೂಬೊರ್, ಟೂಮೊರ್, ಕಾಲೊರ್, ಡೋಲೊರ್. ಕೆಂಪು, ಊತ, ಬಿಸಿ, ನೋವು. ಇವತ್ತಿಗೂ ನಿನ್ನ ಪೆಥಾಲಜಿ ಪುಸ್ತಕದಲ್ಲಿ ಈ ನಾಲ್ಕು ಇವೆ. ಅದರಲ್ಲಿ ಎರಡನ್ನು ಕನ್ನಡ ಒಂದೇ ಪದದಲ್ಲಿ ಕಟ್ಟಿಕೊಟ್ಟಿದೆ.

ಇನ್ನು ಸಂಧಿ. ಗ್ರೀಕ್ ತುಂಡುಗಳನ್ನು ಜೋಡಿಸುವಾಗ ನಡುವೆ 'ಒ' ಬಂದು ಕೂರುತ್ತದೆ. ಗ್ಯಾಸ್ಟ್ರ್ ಅಂದರೆ ಜಠರ, ಸ್ಕೋಪಿ ಅಂದರೆ ಒಳಗೆ ನೋಡುವುದು, ಸೇರಿದರೆ ಗ್ಯಾಸ್ಟ್ರೊಸ್ಕೋಪಿ. ನಮ್ಮ ಆಗಮ ಸಂಧಿಯಲ್ಲಿ ಎರಡು ಸ್ವರಗಳ ನಡುವೆ ವ್ಯಂಜನ ಬರುತ್ತದೆ, ಮನೆ ಮತ್ತು ಅನ್ನು ಸೇರಿ ಮನೆಯನ್ನು ಆದ ಹಾಗೆ. ಅಲ್ಲಿ ಎರಡು ವ್ಯಂಜನಗಳ ನಡುವೆ ಸ್ವರ ಬರುತ್ತದೆ. ಬಾಲ ಸ್ವರದಿಂದ ಶುರುವಾದರೆ ಆ 'ಒ' ಬೇಡ, ಬಿದ್ದುಹೋಗುತ್ತದೆ. ಗ್ಯಾಸ್ಟ್ರೈಟಿಸ್ ಅನ್ನುತ್ತೇವೆ, ಗ್ಯಾಸ್ಟ್ರೊಐಟಿಸ್ ಅನ್ನುವುದಿಲ್ಲ. ಊರು ಮತ್ತು ಊರು ಸೇರಿ ಊರೂರು ಆದಂತೆ ಇದು ಲೋಪ. ಆದರೆ ಎರಡು ಅಂಗಗಳ ಹೆಸರು ಕೂಡಿದಾಗ 'ಒ' ಸಾಮಾನ್ಯವಾಗಿ ಉಳಿಯುತ್ತದೆ: ಜಠರ, ಕರುಳು ಎರಡರ ಉರಿಯೂತ ಗ್ಯಾಸ್ಟ್ರೊಎಂಟರೈಟಿಸ್. ಈ ಮೂರು ಮಾತು ನೆನಪಿದ್ದರೆ ಸ್ಪೆಲಿಂಗ್ ತಪ್ಪು ಅರ್ಧಕ್ಕರ್ಧ ಇಳಿಯುತ್ತದೆ.

ಒಂದೇ ಅಂಗಕ್ಕೆ ಎರಡು ಹೆಸರು ಯಾಕೆ ಎಂದು ನೀನು ಕೇಳಿದೆ. ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳ ರೀನಲ್ ಆರ್ಟರಿ. ಅದೇ ಮೂತ್ರಪಿಂಡದ ಉರಿಯೂತ ನೆಫ್ರೈಟಿಸ್. ರೆನ್ ಲ್ಯಾಟಿನ್, ನೆಫ್ರೊಸ್ ಗ್ರೀಕ್. ಯುರೋಪಿನಲ್ಲಿ ರೋಗವನ್ನು ಕುರಿತು ಮೊದಲು ವಿಸ್ತಾರವಾಗಿ ಬರೆದವರು ಗ್ರೀಕರು. ಕೋಸ್ ದ್ವೀಪದ ಹಿಪೊಕ್ರೆಟಿಸ್ ಕ್ರಿಸ್ತಪೂರ್ವ 5ನೆಯ ಶತಮಾನದವನು. ಎರಡನೆಯ ಶತಮಾನದ ಗೇಲನ್ ರೋಮಿನಲ್ಲಿ ವೈದ್ಯನಾಗಿದ್ದರೂ ಬರೆದದ್ದು ಗ್ರೀಕಿನಲ್ಲಿ. ಆಮೇಲೆ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಹೆಣ ಕೊಯ್ದು ದೇಹವನ್ನು ನೋಡಿದವರ ಓದು ಬರಹವೆಲ್ಲ ಲ್ಯಾಟಿನ್. ವೆಸೇಲಿಯಸ್ ದೇಹರಚನೆಯ ಮೇಲೆ ಬರೆದ ಮಹಾಗ್ರಂಥ 1543ರಲ್ಲಿ ಬಾಸೆಲ್ ನಗರದಲ್ಲಿ ಲ್ಯಾಟಿನ್ನಿನಲ್ಲೇ ಅಚ್ಚಾಯಿತು. ಹೀಗಾಗಿ ಅಂಗದ ಹೆಸರು ಹೆಚ್ಚಾಗಿ ಲ್ಯಾಟಿನ್, ರೋಗದ ಹೆಸರು, ಶಸ್ತ್ರಕ್ರಿಯೆಯ ಹೆಸರು ಹೆಚ್ಚಾಗಿ ಗ್ರೀಕ್. ಶ್ವಾಸಕೋಶಕ್ಕೆ ಪಲ್ಮೊ ಮತ್ತು ನ್ಯುಮೊ, ಚರ್ಮಕ್ಕೆ ಕ್ಯುಟಿಸ್ ಮತ್ತು ಡರ್ಮ, ಗರ್ಭಕೋಶಕ್ಕೆ ಯುಟೆರಸ್ ಮತ್ತು ಹಿಸ್ಟೆರ. ಈ ಜೋಡಿಗಳನ್ನು ಜೋಡಿಯಾಗಿಯೇ ಕಲಿ. ಅಪೆಂಡಿಸೈಟಿಸ್ಸಿನಲ್ಲಿ ಲ್ಯಾಟಿನ್ ತಲೆಗೆ ಗ್ರೀಕ್ ಬಾಲ ಕೂಡಿದೆ. ಅಂಥವು ಅಲ್ಲಲ್ಲಿ ಸಿಗುತ್ತವೆ, ಗಾಬರಿ ಬೇಡ.

ನಿನಗಿಂತ ಮೊದಲಿನವರ ಕಷ್ಟ ಇನ್ನೂ ದೊಡ್ಡದಿತ್ತು. ದೇಶಕ್ಕೊಂದು, ಗುರುವಿಗೊಂದು ಹೆಸರು ಬೆಳೆದು, ಒಂದೇ ಭಾಗವನ್ನು ಹತ್ತು ಬಗೆಯಲ್ಲಿ ಕರೆಯುವಂತಾಗಿತ್ತು. 1895ರಲ್ಲಿ ಅಂಗರಚನಾಶಾಸ್ತ್ರಜ್ಞರು ಅದೇ ಬಾಸೆಲ್‌ನಲ್ಲಿ ಕೂಡಿ ಒಂದು ಪಟ್ಟಿಗೆ ಒಪ್ಪಿದರು. ಅದನ್ನು ಮತ್ತೆ ಮತ್ತೆ ತಿದ್ದುತ್ತಾ ಬಂದು 1998ರಲ್ಲಿ 'ಟರ್ಮಿನೊಲೊಜಿಯ ಅನಟಾಮಿಕ' ಎಂಬ ಅಂತರರಾಷ್ಟ್ರೀಯ ಪಟ್ಟಿ ಹೊರಬಂತು. ಇವತ್ತು ಹಾಸನದಲ್ಲಿ ಓದಿದವಳೂ ಜಪಾನಿನಲ್ಲಿ ಓದಿದವನೂ ಒಂದು ಮೂಳೆಯನ್ನು ಒಂದೇ ಹೆಸರಿನಿಂದ ಗುರುತಿಸುವುದು ಈ ದುಡಿಮೆಯಿಂದ.

ಈಗ ನನಗೆ ಬಹಳ ಪ್ರೀತಿಯ ಮಾತಿಗೆ ಬರುತ್ತೇನೆ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಮೂರೂ ಒಂದೇ ಮನೆತನದ ನುಡಿಗಳು. ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಿಂದ ಈ ವಿಚಾರ ಜಗತ್ತಿಗೆ ಪ್ರಸಿದ್ಧವಾಯಿತು. ಕನ್ನಡ ಬೇರೆ ಮನೆತನದ್ದು, ದ್ರಾವಿಡ. ಆದರೆ ನಾವು ಸಂಸ್ಕೃತದಿಂದ ರಾಶಿ ರಾಶಿ ಪದ ತಂದುಕೊಂಡವರು. ಅವು ಈಗ ನಿನಗೆ ಕೈಹಿಡಿಯುತ್ತವೆ. ಡೆಂಟಲ್ ಅಂದಾಗ ದಂತ ನೆನೆ. ನೇಸಲ್, ನಾಸಿಕ. ಆಸ್ಟಿಯೊ, ಅಸ್ಥಿ. ಎಂಟರಾನ್, ಆಂತ್ರ. ಹೆಪಾರ್, ಯಕೃತ್. ಗೊನು, ಜಾನು. ಆಂಫಲೊಸ್, ನಾಭಿ. ಕೆಂಪು ರಕ್ತಕಣಕ್ಕೆ ಎರಿಥ್ರೊಸೈಟ್ ಅನ್ನುತ್ತಾರೆ. ಕೆಂಪು ಎಂಬ ಅರ್ಥದ ಆ ಎರಿಥ್ರೊಸ್ ನಮ್ಮ ರುಧಿರದ ನಂಟ.

ಪದದ ಮುಂದೆ ಬರುವ ತುಂಡುಗಳಲ್ಲಿ ಈ ನಂಟು ಇನ್ನೂ ಹತ್ತಿರದ್ದು. ಪೆರಿಕಾರ್ಡಿಯಂ ಎಂಬುದರ 'ಪೆರಿ' ಪರಿಸರದ 'ಪರಿ', ಸುತ್ತಲೂ ಇರುವುದು. ಡಿಸ್ಪ್ನಿಯ ಎಂಬುದರ 'ಡಿಸ್' ದುಸ್ಥಿತಿಯ 'ದುಸ್'. 'ಹೈಪೊ' ಅಂದರೆ 'ಉಪ', ಕೆಳಗೆ. 'ಹೈಪರ್' ಅಂದರೆ 'ಉಪರಿ', ಮೇಲೆ. 'ಇಲ್ಲ' ಅನ್ನುವುದಕ್ಕೆ ವ್ಯಂಜನದ ಮುಂದೆ 'ಅ', ಸ್ವರದ ಮುಂದೆ 'ಅನ್': ಜ್ಞಾನ ಇಲ್ಲದ್ದು ಅಜ್ಞಾನ, ಅಂತ ಇಲ್ಲದ್ದು ಅನಂತ. ಗ್ರೀಕಿನಲ್ಲೂ ಅದೇ ನಿಯಮ. ಉಸಿರು ನಿಂತರೆ ಅಪ್ನಿಯ, ಮೂತ್ರ ನಿಂತರೆ ಅನ್ಯೂರಿಯ. ಇಷ್ಟು ಕಂಡ ಕೂಡಲೇ ಎಲ್ಲ ನಮ್ಮಿಂದಲೇ ಹೋಯಿತು ಎಂದು ಬೀಗಬೇಡ. ಇವು ಒಂದೇ ತಾಯಿಯ ಮಕ್ಕಳು. ಒಂದು ಇನ್ನೊಂದರ ತಾಯಿಯಲ್ಲ. ನಂಟಸ್ತಿಕೆಯನ್ನು ನೆನಪಿಗೆ ಬಳಸಿಕೋ, ಜಂಬಕ್ಕೆ ಬೇಡ. ರೂಪ ಹೋಲಿದ್ದೆಲ್ಲ ನಂಟೂ ಅಲ್ಲ, ಪುಸ್ತಕ ನೋಡಿ ಖಚಿತ ಮಾಡಿಕೋ.

ಎಲುಬುಗಳ ಹೆಸರನ್ನು ಓದುವಾಗ ಕಣ್ಣ ಮುಂದೆ ಚಿತ್ರ ತಂದುಕೋ. ಹೆಸರಿಟ್ಟವರು ತಮ್ಮ ಮನೆ, ಅಂಗಳದಲ್ಲಿ ಕಂಡದ್ದನ್ನೇ ದೇಹದಲ್ಲೂ ಕಂಡರು. ಮಂಡಿಯ ಮುಂದಿನ ಮೂಳೆ ಅವರಿಗೆ ಪಟೆಲ್ಲ, ಅಂದರೆ ಚಿಕ್ಕ ತಟ್ಟೆ. ನಾವು ಮಂಡಿಚಿಪ್ಪು ಅಂದೆವು. ಸೊಂಟದ ಮೂಳೆಯಲ್ಲಿ ತೊಡೆಮೂಳೆಯ ಗುಂಡು ಕೂರುವ ಕುಳಿ ಅಸೆಟಾಬ್ಯುಲಂ, ವಿನೆಗರ್ ಹಾಕಿಡುವ ಬಟ್ಟಲು. ಮಂಡಿಯ ಕೆಳಗಿನ ಕಾಲಿನ ಮೂಳೆ ಟಿಬಿಯ, ಅಂದರೆ ಕೊಳಲು. ಒಳಕಿವಿಯ ಸುರುಳಿ ಕಾಕ್ಲಿಯ, ಬಸವನಹುಳುವಿನ ಚಿಪ್ಪು. ಬೆನ್ನೆಲುಬಿನ ಕೆಳತುದಿಯ ಮೂಳೆ ಕಾಕ್ಸಿಕ್ಸ್, ಕೋಗಿಲೆಯ ಕೊಕ್ಕಿನಂಥದ್ದು. ಮಸಲ್ ಅಂದರೆ ಪುಟ್ಟ ಇಲಿ. ಲ್ಯಾಟಿನ್ನಿನಲ್ಲಿ ಇಲಿಗೆ 'ಮೂಸ್', ಅದು ನಮ್ಮ ಗಣಪನ ಮೂಷಕನ ನಂಟ. ಕೈ ಮಡಚಿ ರೆಟ್ಟೆ ನೋಡು, ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಕಾಣುತ್ತದೆ. ಮೂಳೆಯ ಹೆಸರು ಕಲಿಯುವಾಗ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳು. ಕೈಗೆ ಗೊತ್ತಾದದ್ದನ್ನು ತಲೆ ಮರೆಯುವುದಿಲ್ಲ.

ಈಗ ಎಚ್ಚರಿಕೆಯ ಮಾತು. ಹೌಸ್ ಸರ್ಜನ್ ಆಗಿದ್ದ ಕಾಲ. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರನ್ನು ಮಂಪರಿನಲ್ಲಿ ಕರೆತಂದರು. ಜೊತೆಗೆ ಬಂದ ಚೀಟಿಯಲ್ಲಿ ಅವಸರದ ಬರಹ. 'ಹೈಪೊಗ್ಲೈಸೀಮಿಯ' ಎಂದು ಇದ್ದದ್ದನ್ನು ನಾನು 'ಹೈಪರ್' ಎಂದು ಓದಿದೆ, ಇನ್ಸುಲಿನ್ ತನ್ನಿ ಅಂದೆ. ವಾರ್ಡಿನ ಹಿರಿಯ ಸಿಸ್ಟರ್ ಸಿರಿಂಜ್ ಹಿಡಿದು ನಿಂತವರು, "ಡಾಕ್ಟ್ರೇ, ಒಂದ್ಸಲ ಕೈ ಮುಟ್ಟಿ ನೋಡಿ" ಅಂದರು. ಮುಟ್ಟಿದೆ. ತಣ್ಣಗೆ, ಬೆವರಿನಿಂದ ತೊಯ್ದಿತ್ತು. ರಕ್ತದಲ್ಲಿ ಸಕ್ಕರೆ ಇಳಿದು ಬಿದ್ದಿದ್ದ ಮನುಷ್ಯನಿಗೆ ನಾನು ಅದನ್ನು ಇನ್ನೂ ಇಳಿಸುವ ಔಷಧ ಕೊಡಲು ಹೊರಟಿದ್ದೆ. ಪರೀಕ್ಷೆ ಮಾಡಿ, ಗ್ಲೂಕೋಸ್ ಏರಿಸಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ನೀರು ಕೇಳಿದರು. ಆ ಸಿಸ್ಟರ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಇವತ್ತಿಗೂ ನನ್ನ ಕೈ ತಣ್ಣಗಾಗುತ್ತದೆ. ಅದಕ್ಕೇ ಹೇಳುತ್ತೇನೆ: ಪದವನ್ನು ಪೂರ್ತಿ ಓದು, ಸಂಶಯ ಬಂದರೆ ಕೇಳು, ಪದ ಏನೇ ಹೇಳಲಿ ರೋಗಿಯನ್ನು ಮುಟ್ಟಿ ನೋಡು.

ಹೀಗೆ ಕಾಲೆಳೆಯುವ ಜೋಡಿಗಳು ಹಲವು. ಡಿಸ್ಫೇಜಿಯ ಅಂದರೆ ನುಂಗಲು ಕಷ್ಟ, ಡಿಸ್ಫೇಸಿಯ ಅಂದರೆ ಮಾತಿನ ತೊಡಕು. ಗ್ಯಾಸ್ಟ್ರಾಟಮಿ ಜಠರವನ್ನು ಕೊಯ್ದು ತೆರೆಯುವುದು, ಗ್ಯಾಸ್ಟ್ರೆಕ್ಟಮಿ ಕೊಯ್ದು ತೆಗೆಯುವುದು, ಗ್ಯಾಸ್ಟ್ರಾಸ್ಟಮಿ ಹೊರಗಿನಿಂದ ಅದಕ್ಕೊಂದು ಬಾಯಿ ಮಾಡುವುದು; ಸ್ಟೊಮ ಅಂದರೆ ಬಾಯಿ. ಇಲಿಯಂ ಅನ್ನುವ ಹೆಸರು ಎರಡಕ್ಕಿದೆ, ಕನ್ನಡದಲ್ಲಿ ಬರೆದರೆ ವ್ಯತ್ಯಾಸವೇ ಕಾಣದು. ಇಂಗ್ಲಿಷಿನಲ್ಲಿ ನಡುವೆ 'ಇ' ಅಕ್ಷರ ಇದ್ದರೆ ಸಣ್ಣ ಕರುಳಿನ ಕೊನೆಯ ಭಾಗ, 'ಐ' ಅಕ್ಷರ ಇದ್ದರೆ ಸೊಂಟದ ಮೂಳೆ. ಆರ್ಥೊಪೀಡಿಕ್ಸ್ ಎಂಬುದರಲ್ಲಿ ಇರುವುದು ಪಾದವಲ್ಲ, ಮಗು. ಫ್ರೆಂಚ್ ವೈದ್ಯ ಆಂಡ್ರಿ 1741ರಲ್ಲಿ ಮಕ್ಕಳ ಸೊಟ್ಟ ಅಂಗಗಳನ್ನು ನೆಟ್ಟಗೆ ಮಾಡುವ ವಿದ್ಯೆಗೆ ಆ ಹೆಸರಿಟ್ಟ.

ಪದ ಬಿಡಿಸಿದ ಮಾತ್ರಕ್ಕೆ ರೋಗ ತಿಳಿದಂತಾಗುವುದಿಲ್ಲ ಎಂಬುದೂ ನೆನಪಿರಲಿ. ಮಲೇರಿಯ ಅಂದರೆ ಇಟಲಿಯ ನುಡಿಯಲ್ಲಿ ಕೆಟ್ಟ ಗಾಳಿ. ರೊನಾಲ್ಡ್ ರಾಸ್ 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಆ ರೋಗದ ಪರೋಪಜೀವಿಯನ್ನು ಕಂಡ ಮೇಲೆ ಗಾಳಿಯದೇನೂ ತಪ್ಪಿಲ್ಲ ಎಂಬುದು ಗೊತ್ತಾಯಿತು. ಹೆಸರು ಹಾಗೇ ಉಳಿಯಿತು. ಅನೀಮಿಯ ಎಂಬುದನ್ನು ಬಿಡಿಸಿದರೆ 'ರಕ್ತವಿಲ್ಲ'. ರಕ್ತ ಇರುತ್ತದೆ, ಅದರಲ್ಲಿ ಹಿಮೋಗ್ಲೋಬಿನ್ ಕಡಿಮೆ. "ರಕ್ತ ಕಮ್ಮಿ ಐತಂತೆ" ಅನ್ನುವ ನಮ್ಮ ಹೆಂಗಸರ ಮಾತು ಸತ್ಯಕ್ಕೆ ಹತ್ತಿರ. ಹಿಸ್ಟೀರಿಯ ಎಂಬುದು ಗರ್ಭಕೋಶದಿಂದ ಬಂದ ಹೆಸರು. ಹೆಣ್ಣಿನ ಸಂಕಟಕ್ಕೆಲ್ಲ ಗರ್ಭಕೋಶವೇ ಕಾರಣ ಎಂದು ನಂಬಿ ಎಷ್ಟೋ ಶತಮಾನ ಅವಳ ಮಾತನ್ನು ತಳ್ಳಿಹಾಕಿದರು. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಿಂದ ಆ ಹೆಸರು ಹೋದದ್ದು 1980ರಲ್ಲಿ. ಇನ್ನು ಊರಿನ, ಮನುಷ್ಯರ ಹೆಸರು ಹೊತ್ತ ರೋಗಗಳನ್ನು ಬಿಡಿಸಲು ಆಗುವುದೇ ಇಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಆ ಕಾಡಿನ ಹೆಸರೇ ಜಗತ್ತಿನ ಪುಸ್ತಕಗಳಲ್ಲಿ ರೋಗದ ಹೆಸರಾಯಿತು. ನಮ್ಮ ಜನ ಮಂಗನ ಕಾಯಿಲೆ ಅಂದರು.

ಇಷ್ಟನ್ನೂ ರೂಢಿ ಮಾಡಿಕೊಳ್ಳುವುದು ಹೇಗೆ ಅಂತೀಯ? ಒಂದು ನೋಟ್ ಬುಕ್ ತಗೋ. ಪುಟಕ್ಕೆ ನಾಲ್ಕು ಸಾಲು ಕಟ್ಟು: ಪದದ ತುಂಡು, ಅದರ ಅರ್ಥ, ಕನ್ನಡದಲ್ಲಿ ನಿನಗೆ ನೆನಪಾಗುವ ನಂಟ, ಅದು ಬರುವ ಎರಡು ಪದ. ದಿನಕ್ಕೆ ಹತ್ತೇ ತುಂಡು ಸಾಕು, ತಿಂಗಳಿಗೆ ಮುನ್ನೂರಾಗುತ್ತದೆ. ಹೊಸ ಪದ ಬಂದಾಗ ಮೊದಲು ಬಿಡಿಸಿ ಅರ್ಥ ಊಹಿಸು, ಆಮೇಲೆ ಪುಸ್ತಕ ತೆರೆದು ನೋಡು. ಬಾಯಿಬಿಟ್ಟು ಹೇಳು. ತಪ್ಪಿದ್ದನ್ನು ಕೆಂಪು ಶಾಯಿಯಲ್ಲಿ ಬರೆದಿಡು.

ಕೊನೆಯ ಮಾತು ಎಲ್ಲಕ್ಕಿಂತ ದೊಡ್ಡದು. ಒಂದು ಸಂಜೆ ಆಸ್ಪತ್ರೆಯ ಗೇಟಿನ ಹತ್ತಿರ ಗಂಡ ಹೆಂಡತಿ ಡಿಸ್ಚಾರ್ಜ್ ಕಾರ್ಡ್ ಹಿಡಿದು ಕೂತಿದ್ದರು. ಕಾರ್ಡಿನಲ್ಲಿದ್ದದ್ದು 'ಕೊಲೆಲಿಥಯಾಸಿಸ್'. ಮಗ ಆಗಷ್ಟೇ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತವನು, 'ಕೊಲೆ' ಎಂದು ಓದಿ ನಿಲ್ಲಿಸಿದ್ದ. ತಾಯಿ ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. "ಅಮ್ಮಾ, ಇದು ಉಳಿಯೋ ಕಾಯಿಲೇನಾ?" ಅಂತ ಆ ಮನುಷ್ಯ ನನ್ನನ್ನು ಕೇಳಿದ. ಕೊಲೆ ಅಂದರೆ ಪಿತ್ತ, ಲಿಥೊಸ್ ಅಂದರೆ ಕಲ್ಲು. "ಪಿತ್ತಕೋಶದಲ್ಲಿ ಕಲ್ಲಾಗಿದೆಯಪ್ಪ, ಆಪರೇಷನ್ ಮಾಡಿ ತೆಗೀತಾರೆ, ವಾಸಿಯಾಗುತ್ತೆ" ಅಂದೆ. ಆ ಹೆಣ್ಣುಮಗಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಷ್ಟು ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ಆ ಅರ್ಧ ನಿಮಿಷವನ್ನು ವಾರ್ಡಿನಲ್ಲಿ ಯಾರೂ ಕೊಟ್ಟಿರಲಿಲ್ಲ.

ಬಿಡಿಸಿ ಓದುವುದು ನಿನ್ನ ಪರೀಕ್ಷೆಗೆ, ಬಿಡಿಸಿ ಹೇಳುವುದು ರೋಗಿಯ ಪಾಲಿಗೆ. ಎರಡನ್ನೂ ಮಾಡಿದಾಗಲೇ ಕಲಿತದ್ದು ಸಾರ್ಥಕ. ಊರಿಗೆ ಬಂದಾಗ ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಕೂತು, ಆ ವಾರ ಕಲಿತ ಹತ್ತು ಪದ ಅವಳಿಗೆ ಕನ್ನಡದಲ್ಲಿ ಬಿಡಿಸಿ ಹೇಳು. ಅವಳಿಗೆ ತಿಳಿಯಿತು ಅಂದರೆ ನಿನಗೆ ಬಂದಿದೆ ಎಂದೇ ಲೆಕ್ಕ.

ನಿನ್ನ
ದೊಡ್ಡಮ್ಮ